ಹತ್ತನೆಯ ಪಿನ್ ಏಕೆ ಬೀಳುತ್ತಿಲ್ಲ? ಬೌಲಿಂಗ್‌ನಲ್ಲಿ ಸ್ಪೇರ್ ತಪ್ಪುವವರಿಗೊಂದು ದೋಷ ನಿವಾರಣೆ ಕೈಪಿಡಿ

ನನ್ನ ಹೊಟ್ಟೆಪಾಡು ತೂಕದ ಯಂತ್ರಗಳ ದುರಸ್ತಿ. ಅಮರಗೋಳದ ಎಪಿಎಂಸಿಯ ಅಡತಿ ಅಂಗಡಿಗಳು, ಹಂಗಾಮಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಇಷ್ಟು ನನ್ನ ಓಡಾಟ. ಯಂತ್ರ ತಪ್ಪು ತೋರಿಸುತ್ತಿದೆ ಎಂದು ಕರೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಯಾವಾಗಲೂ ಒಂದೇ ಕಡೆಗೆ ತಪ್ಪುತ್ತದೆಯೋ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯೋ? ಪ್ರತಿ ಚೀಲಕ್ಕೂ 200 ಗ್ರಾಂ ಹೆಚ್ಚು ತೋರಿಸುವ ಯಂತ್ರ ಒಳ್ಳೆಯ ಯಂತ್ರ. ಸೊನ್ನೆ ಸರಿಪಡಿಸಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಒಮ್ಮೆ 100 ಹೆಚ್ಚು, ಇನ್ನೊಮ್ಮೆ 300 ಕಡಿಮೆ ಎಂದರೆ ಪಾದ ಅಲ್ಲಾಡುತ್ತಿರಬೇಕು, ಇಲ್ಲವೇ ಇಲಿ ತಂತಿ ಕಡಿದಿರಬೇಕು. ಅರ್ಧ ದಿನ ಹೋಯಿತೆಂದೇ ಲೆಕ್ಕ.

ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಆಟದಲ್ಲಿ ಸ್ಪೇರ್ (ಮೊದಲ ಎಸೆತಕ್ಕೆ ಉಳಿದ ಪಿನ್‌ಗಳನ್ನು ಎರಡನೆಯದಕ್ಕೆ ಬೀಳಿಸುವುದು) ತಪ್ಪಿದಾಗಲೂ ಇದೇ ಪ್ರಶ್ನೆ ಕೇಳಬೇಕು ಎಂದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು. ಹುಬ್ಬಳ್ಳಿಯ ಮಾಲ್ ಒಂದರ ಮೇಲಂತಸ್ತಿನಲ್ಲಿ ಚೆಂಡು ಉರುಳಿಸುವ ಕೆಲವು ಲೇನುಗಳಿವೆ. ವಾರಕ್ಕೊಮ್ಮೆ ಧಾರವಾಡದಿಂದ ಚಿಗರಿ ಬಸ್ ಹಿಡಿದು ನನ್ನ ಗೆಳೆಯ ಬರುತ್ತಾನೆ, ಇಬ್ಬರೂ ಮೂರು ಮೂರು ಆಟ ಆಡುತ್ತೇವೆ. ಪಿನ್‌ಗಳು ಮುಂದೆ ಒಂದು, ಅದರ ಹಿಂದೆ ಎರಡು, ಮೂರು, ನಾಲ್ಕರ ಸಾಲುಗಳಾಗಿ ನಿಂತಿರುತ್ತವೆ; ಎಣಿಕೆ ಮುಂದಿನಿಂದ, ಎಡದಿಂದ ಬಲಕ್ಕೆ. ಮೊದಲ ಎಸೆತಕ್ಕೆ ಒಂಬತ್ತು ಪಿನ್ ಬೀಳುತ್ತಿದ್ದವು, ಬಲಮೂಲೆಯ ಹತ್ತನೆಯದು ನಿಂತಿರುತ್ತಿತ್ತು. ಎರಡನೆಯ ಎಸೆತಕ್ಕೂ ಅದು ನಿಂತೇ ಇರುತ್ತಿತ್ತು. ಪ್ರತಿ ಸಲವೂ ನಾನು ಏನಾದರೂ ಒಂದನ್ನು ಬದಲಿಸುತ್ತಿದ್ದೆ: ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಒಮ್ಮೆ ಮಣಿಕಟ್ಟು ತಿರುಗಿಸಿ. ಗಿರಾಕಿ ನೋಡುತ್ತಿದ್ದಾನೆಂದು ಕಂಡ ಕಂಡ ಸ್ಕ್ರೂ ತಿರುಗಿಸುವ ಹೊಸ ಹುಡುಗನ ಹಾಗೆ.

ಈ ಬರಹ ಬಲಗೈ ಆಟಗಾರರ ಲೆಕ್ಕದಲ್ಲಿದೆ. ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಬೇಕು. ಅವರಿಗೆ ಕಾಡುವ ಪಿನ್ ಎಡಮೂಲೆಯ ಏಳನೆಯದು.

ಅಂಕಗಳ ಲೆಕ್ಕ ಒಮ್ಮೆ ನೋಡಿ

ಹತ್ತು ಫ್ರೇಮ್‌ಗಳಲ್ಲೂ (ಎರಡು ಎಸೆತಗಳ ಒಂದು ಸರದಿಯೇ ಒಂದು ಫ್ರೇಮ್) ಮೊದಲ ಎಸೆತಕ್ಕೆ 9 ಬೀಳಿಸಿ ಉಳಿದ ಒಂದನ್ನು ಪ್ರತಿ ಸಲ ತಪ್ಪಿಸಿದರೆ ಆಟದ ಮೊತ್ತ 90. ಅದೇ ಒಂದನ್ನು ಪ್ರತಿ ಸಲ ಬೀಳಿಸಿದರೆ, ಕೊನೆಯ ಫ್ರೇಮ್‌ನ ಸ್ಪೇರ್‌ಗೆ ಸಿಗುವ ಹೆಚ್ಚುವರಿ ಎಸೆತಕ್ಕೂ 9 ಬಿದ್ದರೆ, 190. ಸ್ಪೇರ್‌ಗೆ 10 ಅಂಕ, ಜೊತೆಗೆ ಮುಂದಿನ ಎಸೆತದ ಅಂಕ ಸೇರುವುದರಿಂದ ಪ್ರತಿ ಫ್ರೇಮ್ 19 ಆಗುತ್ತದೆ. ಹೆಚ್ಚುವರಿ ಎಸೆತ ಬಿಟ್ಟರೆ ಬೀಳಿಸಿದ್ದು ಹತ್ತೇ ಪಿನ್ ಹೆಚ್ಚು, ಮೊತ್ತದಲ್ಲಿ ವ್ಯತ್ಯಾಸ ನೂರು. ಒಂದೂ ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಬೀಳಿಸುವುದು) ಇಲ್ಲದೆ 190. ಸ್ಟ್ರೈಕ್ ಬಿದ್ದಾಗ ಕುಣಿಯುವವರು ಈ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಹಾಕಿ ನೋಡಬೇಕು.

ಏನನ್ನೂ ಬದಲಿಸುವ ಮೊದಲು: ಹತ್ತು ಚೆಂಡಿನ ಪರೀಕ್ಷೆ

ಒಂದೇ ಪಿನ್ ನಿಲ್ಲಿಸಿ ಅಭ್ಯಾಸ ಮಾಡಲು ನಮ್ಮ ಕಡೆಯ ಮಾಲ್‌ಗಳಲ್ಲಿ ಬಿಡುವುದಿಲ್ಲ. ಬೇಕಾಗಿಯೂ ಇಲ್ಲ. ಹತ್ತೂ ಪಿನ್ ನಿಂತಿರುವಾಗಲೇ ಮೊದಲ ಚೆಂಡನ್ನು ಹತ್ತನೆಯ ಪಿನ್ನಿಗೆ ಎಸೆಯಿರಿ. ಬಲಮೂಲೆಯದು ಬಿದ್ದರೆ ಆಯಿತು, ಜೊತೆಗೆ ಪಕ್ಕದ ಆರನೆಯದು ಬಿದ್ದರೂ ಚಿಂತೆಯಿಲ್ಲ. ಎರಡನೆಯ ಚೆಂಡು ಏಳನೆಯ ಪಿನ್ನಿಗೆ. ಒಂದು ಆಟದ ದುಡ್ಡಿನಲ್ಲಿ ಎರಡೂ ಮೂಲೆಗಳಿಗೆ ಹತ್ತು ಹತ್ತು ಎಸೆತ ಸಿಗುತ್ತವೆ. ಪರದೆಯ ಮೇಲಿನ ಅಂಕ ನಾಚಿಕೆ ತರಿಸುವಂತಿರುತ್ತದೆ. ಪಕ್ಕದ ಲೇನಿನವರು ನಕ್ಕರೆ ನಗಲಿ.

ಪ್ರತಿ ಎಸೆತಕ್ಕೂ ಕಾಗದದಲ್ಲಿ ಮೂರು ಸಂಗತಿ ಬರೆಯಿರಿ. ಎಡಗಾಲು ಕೊನೆಗೆ ಜಾರಿ ನಿಂತದ್ದು ಎಷ್ಟನೆಯ ಹಲಗೆಯ ಮೇಲೆ? ಲೇನಿನ ಮೇಲೆ ಬರೆದಿರುವ ಬಾಣಗಳಲ್ಲಿ ನೀವು ಗುರಿಯಿಟ್ಟದ್ದರ ಮೇಲೆ ಚೆಂಡು ಹೋಯಿತೇ, ಎಡಕ್ಕೋ ಬಲಕ್ಕೋ? ಪಿನ್ನಿನ ಯಾವ ಬದಿಯಲ್ಲಿ ತಪ್ಪಿತು? ಮೂರನ್ನೂ ಒಬ್ಬರೇ ನೋಡುವುದು ಕಷ್ಟ, ಗೆಳೆಯ ಹಿಂದೆ ನಿಂತು ಮೊಬೈಲ್‌ನಲ್ಲಿ ಚಿತ್ರೀಕರಿಸಿದರೆ ಸುಲಭ. ಲೇನು 39 ಹಲಗೆಗಳದು, ಒಂದೊಂದೂ ಒಂದು ಇಂಚಿಗಿಂತ ತುಸು ಅಗಲ. ಬಲಗೈಯವರು ಬಲ ಅಂಚಿನಿಂದ ಎಣಿಸುತ್ತಾರೆ. ಏಳು ಬಾಣಗಳು ಐದೈದು ಹಲಗೆಗಳ ಅಂತರದಲ್ಲಿರುತ್ತವೆ: 5, 10, 15, ಹೀಗೆ 35ರವರೆಗೆ. ನಟ್ಟನಡುವಿನ ಬಾಣ 20ನೆಯ ಹಲಗೆಯ ಮೇಲೆ. ನಾವು ನಡೆಯುವ ಜಾಗದಲ್ಲಿನ ಚುಕ್ಕೆಗಳೂ ಇದೇ ಲೆಕ್ಕದವು.

ಈ ಹಾಳೆ ಕೈಯಲ್ಲಿಲ್ಲದೆ ಮುಂದಿನದನ್ನು ಓದಿದರೆ, ಜ್ವರ ಅಳೆಯದೆ ಔಷಧ ತೆಗೆದುಕೊಂಡ ಹಾಗೆ.

ಎಷ್ಟು ತಪ್ಪಬಹುದು?

ಆಟಗಾರ ದಾಟಬಾರದ ಫೌಲ್ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಚೆಂಡು ಕೈಬಿಡುವಾಗ ದಿಕ್ಕು ಒಂದೇ ಒಂದು ಡಿಗ್ರಿ ಓರೆಯಾದರೂ ಆ ದೂರದಲ್ಲಿ ಅದು ಹನ್ನೆರಡೂವರೆ ಇಂಚಾಗುತ್ತದೆ. ಪಿನ್ನಿಂದ ಪಿನ್ನಿಗೆ ಇರುವ ಅಂತರವೇ 12 ಇಂಚು.

ಇನ್ನೊಂದು ಕಡೆ ಸಮಾಧಾನವೂ ಇದೆ. ಚೆಂಡಿನ ವ್ಯಾಸ ಸುಮಾರು ಎಂಟೂವರೆ ಇಂಚು, ಪಿನ್ನಿನ ಹೊಟ್ಟೆಯ ವ್ಯಾಸ ಸುಮಾರು ನಾಲ್ಕೂಮುಕ್ಕಾಲು. ಎರಡರ ಅರ್ಧಗಳನ್ನು ಕೂಡಿಸಿದರೆ ಆರೂವರೆ ಇಂಚು ದಾಟುತ್ತದೆ. ಅಂದರೆ ಚೆಂಡಿನ ನಡುಭಾಗ ಪಿನ್ನಿನ ಎಡಕ್ಕೋ ಬಲಕ್ಕೋ ಆರೂವರೆ ಇಂಚು ಸರಿದರೂ ಪಿನ್ನು ಬೀಳುತ್ತದೆ. ನಡುವಿನ ಪಿನ್ನಿಗೆ 13 ಇಂಚು ಅಗಲದ ಬಾಗಿಲು ತೆರೆದಿದೆ ಎನ್ನಿ.

ಮೂಲೆಯ ಪಿನ್ನಿಗೆ ಆ ಬಾಗಿಲ ಒಂದು ಕದ ಮುಚ್ಚಿದೆ. ಹತ್ತನೆಯ ಪಿನ್ನಿನ ನಡುವಿನಿಂದ ಗಟರ್ (ಲೇನಿನ ಬದಿಯ ಕಾಲುವೆ) ಅಂಚಿಗೆ ಮೂರು ಇಂಚೂ ಇಲ್ಲ. ಹೊರಗಡೆ ಎರಡೂಮುಕ್ಕಾಲು, ಒಳಗಡೆ ಆರೂವರೆ. ಆದ್ದರಿಂದ ಪಿನ್ನಿನ ನಡುವಿಗೆ ಗುರಿಯಿಟ್ಟವನು ಗಟರ್ ಬದಿಗೆ ತಪ್ಪಲು ಕಡಿಮೆ ಜಾಗ ಬಿಟ್ಟುಕೊಂಡಿರುತ್ತಾನೆ. ಬಾಗಿಲ ನಡುವಿಗೆ ಬರಬೇಕೆಂದರೆ ಪಿನ್ನಿಗಿಂತ ಎರಡು ಇಂಚು ಒಳಗೆ, ಅದರ ಎಡಭುಜಕ್ಕೆ, ಗುರಿಯಿಡಬೇಕು. ಇಷ್ಟೇ ಬದಲಾವಣೆಯಿಂದ ನನ್ನ ಗಟರ್ ಚೆಂಡುಗಳು ಅರ್ಧದಷ್ಟಾದವು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ ಎಂಬ ಸಿಟ್ಟು ಇನ್ನೂ ಇದೆ.

ಲಕ್ಷಣ: ಕಾಲು ಸರಿ, ಬಾಣ ಸರಿ, ತಪ್ಪುವುದು ಮಾತ್ರ ಸದಾ ಒಂದೇ ಬದಿಗೆ

ಶುಭ ಸುದ್ದಿ. ಕೈ, ಭುಜ, ಮಣಿಕಟ್ಟು ಯಾವುದನ್ನೂ ಮುಟ್ಟಬೇಡಿ. ನಿಮ್ಮ ಸೊನ್ನೆ ಸರಿದಿದೆ, ಅಷ್ಟೇ. ಚೆಂಡು ಯಾವ ಬದಿಗೆ ತಪ್ಪುತ್ತಿದೆಯೋ ಅದೇ ಬದಿಗೆ ಕಾಲು ಸರಿಸಿ, ಬಾಣ ಹಳೆಯದೇ ಇರಲಿ. ಪಿನ್ನಿನ ಎಡಕ್ಕೆ ಹೋದರೆ ಎಡಕ್ಕೆ ನಿಲ್ಲಿ, ಬಲಕ್ಕೆ ಹೋದರೆ ಬಲಕ್ಕೆ ನಿಲ್ಲಿ.

ಹೊಸಬರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ನನಗೆ ಕಾಣಲಿಲ್ಲ, ಏಕೆಂದರೆ ಇದು ಹಳೆಯ ಕೋಲುತಕ್ಕಡಿಯ ಸನ್ನೆ. ಬಾಣ ನಡುವಿನ ಕೀಲು. ಫೌಲ್ ಗೆರೆಯಿಂದ ಕೀಲಿಗೆ ಸುಮಾರು 15 ಅಡಿ, ಕೀಲಿನಿಂದ ಪಿನ್ನುಗಳಿಗೆ ಸುಮಾರು 45. ಈ ಕಡೆಯ ತೋಳು ಒಂದು ಪಾಲು, ಆ ಕಡೆಯದು ಮೂರು ಪಾಲು. ಗೆರೆಯ ಹತ್ತಿರ ಚೆಂಡು ಎರಡು ಇಂಚು ಎಡಕ್ಕೆ ಬಿದ್ದರೆ ಪಿನ್ನಿನ ಹತ್ತಿರ ಆರು ಇಂಚು ಬಲಕ್ಕೆ ಹೋಗುತ್ತದೆ. ಅಡ್ಡಲಾಗಿ ಅಳೆದರೆ ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವುದೂ ಆರೇ ಇಂಚು: ಮೂರರಿಂದ ಆರಕ್ಕೆ, ಆರರಿಂದ ಹತ್ತಕ್ಕೆ. ನಾವು ನಡಿಗೆ ಆರಂಭಿಸುವುದು ಗೆರೆಗಿಂತ ಇನ್ನೂ ಹನ್ನೆರಡು ಅಡಿ ಹಿಂದಿನಿಂದ. ಹಾಗಾಗಿ ನಿಲ್ಲುವ ಜಾಗದಲ್ಲಿ ಎರಡಲ್ಲ, ಸುಮಾರು ಮೂರು ಹಲಗೆ ಸರಿಯಬೇಕು. ಒಂದು ಪಿನ್ನಿಗೆ ಮೂರು, ಎರಡು ಪಿನ್ನಿಗೆ ಆರು, ಮೂರಕ್ಕೆ ಒಂಬತ್ತು ಎಂದು ಆಟಗಾರರು ಬಾಯಿಪಾಠ ಹೇಳುವ ಸೂತ್ರ ಹುಟ್ಟಿದ್ದು ಈ ಸನ್ನೆಯಿಂದಲೇ. ಕಾರಣ ಗೊತ್ತಿದ್ದರೆ ಸೂತ್ರ ಮರೆತರೂ ನಡೆಯುತ್ತದೆ.

ನೇರ ಚೆಂಡಿಗೆ ನನ್ನ ಆರಂಭದ ಗುರುತು ಹೀಗಿದೆ. ಹತ್ತನೆಯ ಪಿನ್ನಿಗೆ ನಡುವಿನ ಬಾಣ, ಎಡಗಾಲು 35ನೆಯ ಹಲಗೆಯಲ್ಲಿ ಆರಂಭ, 32ರ ಸುಮಾರಿಗೆ ಮುಕ್ತಾಯ. ಚೆಂಡು ಕಾಲಿನಿಂದ ಆರೇಳು ಹಲಗೆ ಬಲಕ್ಕೆ ನೆಲ ಮುಟ್ಟುವುದರಿಂದ ಅದು 25ರ ಮೇಲಿಂದ ಹೊರಡುತ್ತದೆ, ನಡುವಿನ ಬಾಣ ದಾಟುತ್ತದೆ, ಬಲಮೂಲೆಗೆ ಹೋಗುತ್ತದೆ. ನಿಮ್ಮ ಮೈಕಟ್ಟಿಗೆ ಒಂದೆರಡು ಹಲಗೆ ಹೆಚ್ಚುಕಡಿಮೆಯಾಗಬಹುದು. ಅದನ್ನು ಹೇಳಲು ಹಾಳೆ ಇದೆಯಲ್ಲ.

ಲಕ್ಷಣ: ಬಾಣದವರೆಗೆ ಸರಿ, ಕೊನೆಯ ಹದಿನೈದು ಇಪ್ಪತ್ತು ಅಡಿಯಲ್ಲಿ ಎಡಕ್ಕೆ ಬಾಗುತ್ತದೆ

ದೋಷ ಕೈಯಲ್ಲಿದೆ. ಚೆಂಡಿನಲ್ಲೂ ಇರಬಹುದು.

ಲೇನಿನ ಮೇಲೆ ಎಣ್ಣೆ ಇರುವುದು ಮೊದಲ ನಲವತ್ತು ಅಡಿಯ ಆಸುಪಾಸಿನವರೆಗೆ, ಅದೂ ನಡುವೆ ದಪ್ಪ, ಅಂಚುಗಳಲ್ಲಿ ತೆಳು. ಎಣ್ಣೆಯ ಮೇಲೆ ಚೆಂಡು ಎಷ್ಟು ತಿರುಗಿದರೂ ಜಾರುತ್ತ ನೇರ ಹೋಗುತ್ತದೆ. ಒಣ ಭಾಗ ಬಂದ ಕೂಡಲೇ ಹಿಡಿತ ಸಿಕ್ಕಿ ತಿರುಗಿದ ದಿಕ್ಕಿಗೆ ಬಾಗುತ್ತದೆ. ಹತ್ತನೆಯ ಪಿನ್ನಿಗೆ ಹೋಗುವ ಚೆಂಡು ಕೊನೆಯಲ್ಲಿ ಒಣಗಿದ ಬಲ ಅಂಚನ್ನು ಹಾದೇ ಹೋಗಬೇಕು. ಬಲಗೈಯವರ ಸಹಜ ತಿರುವು ಎಡಕ್ಕೆ. ಹೀಗಾಗಿಯೇ ಏಳನೆಯದು ಬಿದ್ದಷ್ಟು ಸುಲಭವಾಗಿ ಹತ್ತನೆಯದು ಬೀಳುವುದಿಲ್ಲ. ಎರಡೂ ಮೂಲೆಯವೇ ಆದರೂ ಒಂದು ನಿಮ್ಮ ಕೈಗೆ ಅನುಕೂಲ, ಇನ್ನೊಂದು ವಿರುದ್ಧ.

ಚೆಂಡು ಬಿಟ್ಟ ನಂತರ ನಿಮ್ಮ ಅಂಗೈ ಎತ್ತ ಮುಖ ಮಾಡಿದೆ ನೋಡಿ. ಯಾರಿಗೋ ಕೈಕುಲುಕಲು ಚಾಚಿದಂತೆ ಎಡಕ್ಕೆ ತಿರುಗಿದ್ದರೆ ಬೆರಳುಗಳು ಚೆಂಡಿನ ಪಕ್ಕಕ್ಕೆ ಬಂದು ಅದನ್ನು ತಿರುಗಿಸಿವೆ. ಸ್ಪೇರ್‌ಗೆ ಬೇಕಾದದ್ದು ಪ್ರಸಾದಕ್ಕೆ ಒಡ್ಡಿದ ಕೈ. ಅಂಗೈ ಚೆಂಡಿನ ಹಿಂದೆಯೇ ಉಳಿದು, ಕೊನೆಗೆ ಮೇಲ್ಮುಖವಾಗಿ ಗುರಿಯತ್ತ ಚಾಚಿರಬೇಕು. ಮಣಿಕಟ್ಟನ್ನು ಬಿಗಿಹಿಡಿದು ಮುಂದಕ್ಕೆ ಬಾಗಿಸಬೇಡಿ, ತುಸು ಹಿಂದಕ್ಕೆ ಮಡಿದರೂ ಆದೀತು. ಮನೆಯಲ್ಲಿ ಟೆನಿಸ್ ಚೆಂಡನ್ನು ನೆಲದ ಮೇಲೆ ಉರುಳಿಸಿ ಇದನ್ನು ಅಭ್ಯಾಸ ಮಾಡಬಹುದು. ಅರ್ಧ ಕೆಂಪು ಬಣ್ಣ ಬಳಿದರೆ ಉರುಳುವಾಗ ತಿರುವು ಕಣ್ಣಿಗೇ ಕಾಣುತ್ತದೆ. ನಾನು ನನ್ನ ಮಗಳ ಉಗುರುಬಣ್ಣ ಬಳಸಿ ಬೈಸಿಕೊಂಡಿದ್ದೇನೆ.

ಮಾಲ್‌ನಲ್ಲಿ ಸಿಗುವ ಸಾಮಾನ್ಯ ಚೆಂಡುಗಳ ಹೊರಪದರ ಹೆಚ್ಚಾಗಿ ಪ್ಲಾಸ್ಟಿಕ್, ಅವು ಅಷ್ಟಾಗಿ ಬಾಗುವುದಿಲ್ಲ. ಸ್ವಂತ ಚೆಂಡು ಕೊಂಡು ಸ್ಟ್ರೈಕ್‌ಗಾಗಿ ಬಾಗಿಸುವವರು ಅದೇ ಚೆಂಡಿನಿಂದ ಸ್ಪೇರ್ ಮಾಡಲು ಹೋಗಿ ಕೆಡುತ್ತಾರೆ. ಎರಡನೆಯ ಎಸೆತಕ್ಕೆ ಅಲ್ಲಿನ ಪ್ಲಾಸ್ಟಿಕ್ ಚೆಂಡನ್ನೇ ಎತ್ತಿಕೊಳ್ಳಿ, ಮರ್ಯಾದೆಗೇನೂ ಕುಂದಿಲ್ಲ. ವೃತ್ತಿಪರರೂ ಸ್ಪೇರ್‌ಗೆಂದೇ ಒಂದು ಪ್ಲಾಸ್ಟಿಕ್ ಚೆಂಡು ಹೊತ್ತು ತಿರುಗುತ್ತಾರೆ.

ಎಣ್ಣೆ ಇದೆಯೋ ಇಲ್ಲವೋ ಎಂದು ತಿಳಿಯಲು ಗೆರೆ ದಾಟಿ ಹೋಗಿ ಬೆರಳಾಡಿಸಬೇಡಿ. ಅದು ಫೌಲ್ ಮಾತ್ರವಲ್ಲ, ಜಾರಿ ಬಿದ್ದರೆ ಸೊಂಟವೂ ಹೋಗುತ್ತದೆ. ಮರಳಿ ಬಂದ ಚೆಂಡಿನ ಮೇಲೆ ಎಣ್ಣೆಯ ಉಂಗುರ ಮೂಡಿರುತ್ತದೆ, ಅದು ಬಹಳ ತೆಳುವಾಗಿದ್ದರೆ ಅಥವಾ ಕಾಣದೇ ಇದ್ದರೆ ಲೇನು ಒಣಗಿದೆ. ಭಾನುವಾರ ಸಂಜೆ ಹೊತ್ತಿಗೆ ಎಣ್ಣೆಯೆಲ್ಲ ನೂರಾರು ಚೆಂಡುಗಳಿಗೆ ಮೆತ್ತಿಕೊಂಡು ಹೋಗಿರುತ್ತದೆ. ಆಗ ಕಾಲನ್ನು ಒಂದೆರಡು ಹಲಗೆ ಎಡಕ್ಕೆ ಸರಿಸಿ ಸುಮ್ಮನಿರುವುದು ಜಾಣತನ.

ಲಕ್ಷಣ: ಬಾಣ ಸರಿ, ಓಟವೂ ನೇರ, ಆದರೂ ಒಮ್ಮೆ ಗಟರ್, ಒಮ್ಮೆ ಒಳಗೆ

ಇದು ನನ್ನ ಕಾಯಿಲೆ. ಆದ್ದರಿಂದ ಇದರ ಬಗ್ಗೆ ತುಸು ಹೆಚ್ಚೇ ಹೇಳುತ್ತೇನೆ.

ಬಾಣದ ಮೇಲೆ ಚೆಂಡು ಹೋಗುತ್ತಿದೆ ಎಂದು ನಾನು ನಿಶ್ಚಿಂತನಾಗಿದ್ದೆ. ಗೆಳೆಯನೂ ಹೌದು ಎನ್ನುತ್ತಿದ್ದ. ಹತ್ತು ಎಸೆತಗಳಲ್ಲಿ ನಾಲ್ಕು ಗಟರ್‌ಗೆ, ಮೂರು ಪಿನ್ನಿನ ಎಡಕ್ಕೆ. ಕೊನೆಗೆ ಮೊಬೈಲ್ ಚಿತ್ರವನ್ನು ಒಂದೊಂದಾಗಿ ನಿಲ್ಲಿಸಿ ನೋಡಿದಾಗ ಕಾಲಿನ ಅಂಕಣ ತುಂಬಿತು. ಹೊರಟದ್ದು ಪ್ರತಿ ಸಲ 35ರಿಂದಲೇ. ನಿಂತದ್ದು ಮಾತ್ರ ಒಮ್ಮೆ 36, ಒಮ್ಮೆ 29, ಮತ್ತೊಮ್ಮೆ 33. ಗೆರೆ ಎಳೆಯಲು ಎರಡು ಬಿಂದು ಬೇಕು. ನಾನು ಒಂದನ್ನು ಮಾತ್ರ ಕಾಯುತ್ತಿದ್ದೆ, ಎರಡನೆಯದು ಮದುವೆ ಮನೆಯ ಮಕ್ಕಳ ಹಾಗೆ ಓಡಾಡುತ್ತಿತ್ತು. 36ರಲ್ಲಿ ನಿಂತಾಗ ಅದೇ ಬಾಣ ಚೆಂಡನ್ನು ಗಟರ್‌ಗೆ ಕಳಿಸಿತು, 29ರಲ್ಲಿ ನಿಂತಾಗ ಮೂರನೆಯ ಪಿನ್ನಿನ ಖಾಲಿ ಜಾಗಕ್ಕೆ ಕಳಿಸಿತು. ಸನ್ನೆ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಬಾಣವನ್ನು ಬೈದು ಏನು ಪ್ರಯೋಜನ?

ಕಾಲು ಹೀಗೆ ಅಲೆಯಲು ಕಾರಣ ಎರಡು. ಒಂದು, ಮೂಲೆಯ ಪಿನ್ನಿಗೆ ಎಸೆಯುವಾಗ ಮೈಯನ್ನು ಗುರಿಯತ್ತ ತಿರುಗಿಸದೆ ಹಲಗೆಗಳ ಗುಂಟ ನೇರ ನಡೆಯುವುದು. ಹಾಗೆ ನಡೆದವನು ಕೊನೆಯ ಹೆಜ್ಜೆಯಲ್ಲಿ ದಿಕ್ಕು ನೆನಪಾಗಿ ಬಲಕ್ಕೆ ವಾಲುತ್ತಾನೆ. ಇದಕ್ಕೆ ಮದ್ದು: ನಿಂತ ಕೂಡಲೇ ಪಾದ, ಸೊಂಟ, ಭುಜ ಮೂರನ್ನೂ ನಡುವಿನ ಬಾಣ ಮತ್ತು ಪಿನ್ನು ಸೇರುವ ಗೆರೆಗೆ ಎದುರಾಗಿಸಿ, ಆ ಗೆರೆಯ ಮೇಲೆಯೇ ನಡೆಯುವುದು. 35ರಿಂದ 32ಕ್ಕೆ ಬರುವ ಮೂರು ಹಲಗೆಗಳ ಓರೆ ಅದರಿಂದಲೇ ಬರುತ್ತದೆ, ಬೇರೆ ಪ್ರಯತ್ನ ಬೇಡ. ಎರಡನೆಯ ಕಾರಣ, ಹಿಂದಕ್ಕೆ ಹೋದ ಕೈ ಬೆನ್ನ ಹಿಂದೆ ಸುತ್ತಿಕೊಳ್ಳುವುದು. ಕೈಗೆ ದಾರಿ ಬಿಡಲು ಮೈ ಎಡಕ್ಕೆ ಸರಿಯುತ್ತದೆ, ಮೈಯ ಜೊತೆ ಕಾಲೂ ಹೋಗುತ್ತದೆ. ಗೋಡೆ ಗಡಿಯಾರದ ಲೋಲಕ ನೆನೆಯಿರಿ. ಅದು ಗೋಡೆ ಬಿಟ್ಟು ಹೊರಗೆ ಬರುವುದಿಲ್ಲ.

ಅಮೆರಿಕದ ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ವೃತ್ತಿಪರ ಬೌಲಿಂಗ್‌ನಲ್ಲಿ 47 ಪ್ರಶಸ್ತಿ ಗೆದ್ದವರು. ಅದಕ್ಕೆ ಮೊದಲೇ ಅವರು ಕುದುರೆ ಲಾಳವನ್ನು ದೂರದ ಗೂಟಕ್ಕೆ ಎಸೆಯುವ ಆಟದಲ್ಲಿ ವಿಶ್ವ ಚಾಂಪಿಯನ್ ಆಗಿದ್ದರು. ಕೆಳಗಿನಿಂದ ಲೋಲಕದಂತೆ ತೂಗಿ ಬಿಡುವ ಕೈ ಎರಡೂ ಆಟಕ್ಕೆ ಒಂದೇ. ನಮ್ಮ ಲಗೋರಿ, ಗೋಲಿ ಆಡಿ ಬೆಳೆದವರಿಗೆ ಗುರಿ ಇದೆ, ಈ ತೂಗುವ ಕೈ ಮಾತ್ರ ಇಲ್ಲ. ನಾವು ಎಲ್ಲವನ್ನೂ ಭುಜದ ಬಲದಿಂದ ಎಸೆದೇ ಬೆಳೆದವರು.

ಲಕ್ಷಣ: ಬಾಣವೇ ಸಿಗುತ್ತಿಲ್ಲ

ಪಿನ್ನಿನ ಚಿಂತೆ ಬಿಡಿ. ಹದಿನೈದು ಅಡಿ ದೂರದ ಗುರುತು ತಪ್ಪುವವನು ಅರವತ್ತು ಅಡಿ ದೂರದ್ದನ್ನು ಹೊಡೆದರೆ ಅದು ಅದೃಷ್ಟ.

ಮೊದಲು ಕಣ್ಣು. ಕೊನೆಯ ಹೆಜ್ಜೆಯಲ್ಲಿ ಕಣ್ಣು ಬಾಣ ಬಿಟ್ಟು ಪಿನ್ನಿಗೆ ಹಾರುತ್ತದೆ, ಗದ್ದ ಮೇಲೇಳುತ್ತದೆ, ಭುಜ ತೆರೆದುಕೊಳ್ಳುತ್ತದೆ. ಚೆಂಡು ಬಾಣ ದಾಟುವವರೆಗೆ ಗದ್ದ ಕದಲದಿದ್ದರೆ ಸಾಕು. ಗೆಳೆಯನಿಗೆ ಚೆಂಡನ್ನು ನೋಡುವ ಬದಲು ನಿಮ್ಮ ಗದ್ದ ನೋಡಲು ಹೇಳಿ.

ಆಮೇಲೆ ಬಲ. ಒಂದೇ ಪಿನ್ ಉಳಿದಿದೆ ಎಂದಾಗ ಮನುಷ್ಯನಿಗೆ ಅದರ ಮೇಲೆ ದ್ವೇಷ ಹುಟ್ಟುತ್ತದೆ. ಜೋರಾಗಿ ಎಸೆದ ಕೈ ಮೈಗೆ ಅಡ್ಡವಾಗಿ ಎಡಕ್ಕೆ ಎಳೆಯುತ್ತದೆ. ಪಿನ್ನಿನ ತೂಕ ಒಂದೂವರೆ ಕಿಲೋ, 12 ಪೌಂಡಿನ ಚೆಂಡಿನದು ಹತ್ತಿರಹತ್ತಿರ ಐದೂವರೆ ಕಿಲೋ. ಮೆಲ್ಲಗೆ ತಾಗಿದರೂ ಬೀಳುತ್ತದೆ, ಅದನ್ನು ಗೋಡೆಗೆ ಅಪ್ಪಳಿಸುವ ಅಗತ್ಯವಿಲ್ಲ.

ಇನ್ನು ಹೆಬ್ಬೆರಳು. ಇಲ್ಲಿ ಬಹಳ ಮಂದಿ ಕೆಡುವುದು ತಮ್ಮ ತಪ್ಪಿನಿಂದಲ್ಲ. ಸಾಮಾನ್ಯ ಚೆಂಡುಗಳ ತೂತುಗಳು ಒಂದೊಂದು ಅಳತೆಯವು. ಹೆಬ್ಬೆರಳು ಪೂರ್ತಿ ಒಳಹೋಗಿ, ತಿರುಗಿಸಿದರೆ ಒಳಗೋಡೆಗೆ ಸವರಿದಂತಾಗಿ, ಎಳೆದರೆ ಶಬ್ದವಿಲ್ಲದೆ ಹೊರಬರಬೇಕು. ಬಿಗಿಯಾದರೆ ಬೆರಳು ತಡವಾಗಿ ಬಿಡುತ್ತದೆ, ಚೆಂಡು ಗಾಳಿಯಲ್ಲಿ ಎದ್ದು ಧಡ್ ಎಂದು ಎಡಕ್ಕೆ ಬೀಳುತ್ತದೆ. ಸಡಿಲವಾದರೆ ಚೆಂಡು ಜಾರದಿರಲೆಂದು ಬೆರಳು ಮಡಚಿ ಹಿಂಡುತ್ತೀರಿ, ಆಗ ಪ್ರತಿ ಎಸೆತಕ್ಕೂ ಬೇರೆ ಬೇರೆ ಫಲ. ಒಪ್ಪುವ ಚೆಂಡು ಸಿಕ್ಕರೆ ಅದರ ಬಣ್ಣ, ತೂಕ, ಮೇಲಿನ ಗೀರು ಎಲ್ಲ ನೆನಪಿಟ್ಟುಕೊಳ್ಳಿ. ಪಕ್ಕದ ಲೇನಿನಲ್ಲಿ ಹುಟ್ಟುಹಬ್ಬಕ್ಕೆ ಬಂದ ಹುಡುಗರು ನಿಮ್ಮ ಚೆಂಡನ್ನು ಎತ್ತಿಕೊಂಡು ಹೋಗುತ್ತಾರೆ. ನೀವು ಅದೇ ಬಣ್ಣದ ಇನ್ನೊಂದನ್ನು ಎಸೆದು ನಿಮ್ಮ ಭುಜವನ್ನು ಅನುಮಾನಿಸುತ್ತೀರಿ. ನನಗೆ ಹೀಗಾಗಿದೆ, ಎರಡು ಫ್ರೇಮ್ ಕಳೆದ ಮೇಲೆ ಗೊತ್ತಾಯಿತು.

ಏಪ್ರಿಲ್, ಮೇ ತಿಂಗಳಲ್ಲಿ ಬೆವರಿಗೆ ಒಂದು ಒಣ ಟವೆಲ್ ಇರಲಿ. ಆಟದ ನಡುವೆ ಮಿರ್ಚಿ ಭಜಿ ಬೇಡ. ಕೈ ಒರೆಸಿಕೊಂಡೆ ಎಂದು ನೀವು ಅಂದುಕೊಳ್ಳುತ್ತೀರಿ, ಎಣ್ಣೆ ಹಾಗೆ ಅಂದುಕೊಳ್ಳುವುದಿಲ್ಲ. ಗಿರಮಿಟ್ ಪರವಾಗಿಲ್ಲ, ಚಮಚ ಇದೆ. ಎಡ ಬೂಟಿನ ತಳವನ್ನೂ ನೋಡಿಕೊಳ್ಳಿ. ಯಾರೋ ಚೆಲ್ಲಿದ ತಂಪು ಪಾನೀಯ ಅಂಟಿದ್ದರೆ ಜಾರಬೇಕಾದ ಕಾಲು ಗಕ್ಕನೆ ನಿಂತು ಮುಗ್ಗರಿಸುತ್ತೀರಿ.

ಲಕ್ಷಣ: ಎರಡು ಪಿನ್ ಉಳಿದಿದ್ದವು, ಒಂದೇ ಬಿತ್ತು

ಪಕ್ಕಪಕ್ಕದ ಆರು-ಹತ್ತು, ಮೂರು-ಆರು ಇಂತಹ ಜೋಡಿಗಳಲ್ಲಿ ಮುಂದಿನ ಪಿನ್ನಿಗೆ ಎದುರಾಗಿ ಹೊಡೆದರೆ ಅದು ನೇರ ಹಿಂದಕ್ಕೆ ಹಾರಿ, ಪಕ್ಕದ್ದು ನಗುತ್ತ ನಿಂತಿರುತ್ತದೆ. ಗುರಿ ಪಿನ್ನಲ್ಲ, ಎರಡರ ನಡುವಿನ ಸಂದು. ಮಗ್ಗುಲಿನ ಎರಡು ಪಿನ್ನುಗಳ ನಡುವಿನ ಸಂದು ಏಳೂಕಾಲು ಇಂಚು, ಚೆಂಡು ಎಂಟೂವರೆ. ನಡುವೆ ಹೋದ ಚೆಂಡು ಎರಡನ್ನೂ ತಾಗದೆ ಹೋಗಲಾರದು.

ಎರಡು-ಎಂಟು, ಮೂರು-ಒಂಬತ್ತು ಜೋಡಿಗಳಲ್ಲಿ ಒಂದರ ಹಿಂದೆ ಇನ್ನೊಂದು ಅಡಗಿರುತ್ತದೆ. ಇಲ್ಲಿ ಮಾತ್ರ ನಡುವಿಗೇ ಹೊಡೆಯಬೇಕು. ಹಗುರ ಚೆಂಡು ಮುಂದಿನದಕ್ಕೆ ತಾಗಿ ಪಕ್ಕಕ್ಕೆ ಸಿಡಿಯುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಎಂಟು ಪೌಂಡಿನ ಚೆಂಡಿನಲ್ಲಿ ಆಡುವವರು ಇಂತಹ ಜೋಡಿ ಉಳಿಸಿ ಬೇಸರಪಡುವುದನ್ನು ನೋಡಿದ್ದೇನೆ. ಕೈಗೆ ನೋವಾಗದಷ್ಟು ತೂಕ ಏರಿಸಿ ನೋಡಿ.

ಏಳು-ಹತ್ತು ಎರಡೂ ಮೂಲೆಗಳಲ್ಲಿ ನಿಂತರೆ ನಮಸ್ಕಾರ ಹಾಕಿ ಒಂದನ್ನು ಬೀಳಿಸಿ ಬನ್ನಿ.

ಯಂತ್ರದ ತಪ್ಪು ಇರಬಹುದೇ?

ಇರಬಹುದು. ಕೆಲವು ಕಡೆ ಪಿನ್ನುಗಳ ತಲೆಗೆ ದಾರ ಕಟ್ಟಿರುತ್ತಾರೆ. ಒಂದರ ದಾರ ಇನ್ನೊಂದನ್ನು ಎಳೆದು ಬೀಳಿಸುತ್ತದೆ, ಬೀಳಬೇಕಾದದ್ದನ್ನು ತಡೆಯುವುದೂ ಉಂಟು. ಅಂತಹ ಎಸೆತವನ್ನು ಅಂಕಕ್ಕೆ ಸೇರಿಸಿ, ಹಾಳೆಗೆ ಸೇರಿಸಬೇಡಿ. ಚೆಂಡು ಪಿನ್ನನ್ನು ತಾಗಿತೇ ಇಲ್ಲವೇ ಎಂಬುದಷ್ಟೇ ರೋಗನಿರ್ಣಯಕ್ಕೆ ಬೇಕು.

ಕಳೆದ ವಾರದ ಹಾಳೆ

ಹತ್ತನೆಯ ಪಿನ್ನಿಗೆ ಹತ್ತು ಎಸೆತ. ಆರು ಬಿದ್ದವು. ನಾಲ್ಕು ತಪ್ಪಿದವು, ನಾಲ್ಕೂ ಎಡಕ್ಕೆ. ಕಾಲು ನಿಂತದ್ದು ಎಲ್ಲ ಸಲವೂ 31 ಅಥವಾ 32ರಲ್ಲಿ, ಬಾಣ ಒಮ್ಮೆಯೂ ತಪ್ಪಿಲ್ಲ. ಗೆಳೆಯ ಅಯ್ಯೋ ಎಂದ, ನನಗೆ ಒಳಗೊಳಗೇ ಖುಷಿ. ನಿಲ್ಲುವ ಜಾಗವನ್ನು ಎರಡು ಹಲಗೆ ಎಡಕ್ಕೆ ಬದಲಿಸಿ, 37 ಎಂದು ಬರೆದುಕೊಂಡೆ. ಬರೆಯಲು ಸಿಕ್ಕಿದ್ದು ಜೇಬಿನಲ್ಲಿದ್ದ ದುರಸ್ತಿ ಬಿಲ್ಲಿನ ಹಿಂಬದಿ. ಮರುದಿನ ಬೆಳಿಗ್ಗೆ ಅಮರಗೋಳದಲ್ಲಿ ದಲಾಲರೊಬ್ಬರು ಬಿಲ್ಲನ್ನು ಮಗುಚಿ ನೋಡಿ, ಎಡ, ಎಡ, ಎಡ, ಎಡ ಎಂದರೇನು, ಇದು ಯಾವ ಅಂಗಡಿಯ ಯಂತ್ರ ಎಂದು ಕೇಳಿದರು. ನನ್ನದೇ, ಸೊನ್ನೆ ಸ್ವಲ್ಪ ಸರಿದಿದೆ, ಸರಿಪಡಿಸಿದ್ದೇನೆ ಎಂದೆ.